ನಿಮ್ಮ ಹೆಸರಿನ ಇನ್ನೊಂದು ಫೋಲ್ಡರ್

2018ರ ಅಕ್ಟೋಬರ್ 2ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ರ ಹೊಸ ಆವೃತ್ತಿಯೊಂದನ್ನು ಬಿಡುಗಡೆ ಮಾಡಿತು. ಅದರ ಸಂಖ್ಯೆ 1809. ಅಪ್‌ಡೇಟ್ ಮುಗಿದು ಕಂಪ್ಯೂಟರ್ ಮತ್ತೆ ಶುರುವಾದಾಗ ಕೆಲವರಿಗೆ ವರ್ಷಗಳಿಂದ ಇಟ್ಟುಕೊಂಡಿದ್ದ ಕಡತಗಳು ಕಾಣಲಿಲ್ಲ. ಕೆಲವರ ಪತ್ರಗಳು, ಲೆಕ್ಕಗಳು ಹೋಗಿದ್ದವು. ಕೆಲವರ ಮಕ್ಕಳ ಫೋಟೊಗಳು ಹೋಗಿದ್ದವು. ಜಗತ್ತಿನ ಬೇರೆ ಬೇರೆ ಕಡೆಗಳಿಂದ ದೂರು ಬರತೊಡಗಿದ ಮೇಲೆ ಕಂಪನಿ ಕೆಲವೇ ದಿನಗಳಲ್ಲಿ ಆ ಅಪ್‌ಡೇಟಿನ ವಿತರಣೆಯನ್ನು ನಿಲ್ಲಿಸಿತು. ಅಕ್ಟೋಬರ್ 9ರಂದು ಕಂಪನಿಯ ಅಧಿಕಾರಿ ಜಾನ್ ಕೇಬಲ್ ಕಾರಣವನ್ನು ಬಿಡಿಸಿ ಬರೆದರು.

ಆ ಕಾರಣ ತಿಳಿದರೆ ಇಂದಿಗೂ ನಮ್ಮ ಮನೆ, ಕಚೇರಿ, ಡಿಟಿಪಿ ಅಂಗಡಿಗಳ ಕಂಪ್ಯೂಟರಿನಲ್ಲಿ ಕಾಣುವ ಒಂದು ಗೊಂದಲ ಅರ್ಥವಾಗುತ್ತದೆ. ಸಿ ಡ್ರೈವ್‌ನಲ್ಲಿ ನಮ್ಮ ಹೆಸರಿನ ಫೋಲ್ಡರ್ ಇರುತ್ತದೆ. ಅದರೊಳಗೆ ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಮ್ಯೂಸಿಕ್, ವಿಡಿಯೋಸ್. ಒಂದು ದಿನ ನೋಡಿದರೆ ಡಿ ಡ್ರೈವ್‌ನಲ್ಲೂ ನಮ್ಮದೇ ಹೆಸರಿನ ಫೋಲ್ಡರ್, ಅದರೊಳಗೂ ಅವೇ ನಾಲ್ಕು. ನಾವು ಮಾಡಿದ್ದಲ್ಲ. ಯಾರು ಮಾಡಿದರು, ಯಾಕೆ ಮಾಡಿದರು, ಯಾವುದನ್ನು ಅಳಿಸಬೇಕು? ಈ ಮೂರನೆಯ ಪ್ರಶ್ನೆಯೇ ಎಲ್ಲರ ಬಾಯಲ್ಲಿ ಮೊದಲು ಬರುವುದು, ಅಪಾಯ ಇರುವುದೂ ಅಲ್ಲೇ.

ಕೇಬಲ್ ಬರೆದದ್ದರ ಸಾರಾಂಶ ಹೀಗಿತ್ತು. ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್, ಪಿಕ್ಚರ್ಸ್‌ನಂಥ ಫೋಲ್ಡರುಗಳನ್ನು ಬೇರೆ ಡ್ರೈವ್‌ಗೆ ತಿರುಗಿಸಿಕೊಳ್ಳುವ ಸೌಲಭ್ಯ ವಿಂಡೋಸ್‌ನಲ್ಲಿ ಇದೆ. ಹಾಗೆ ತಿರುಗಿಸಿಕೊಂಡಿದ್ದ ಬಳಕೆದಾರರು, 2018ರ ಏಪ್ರಿಲ್ ಆವೃತ್ತಿ ಹಾಕಿಕೊಂಡ ಮೇಲೆ ಅದೇ ಹೆಸರಿನ ಹೆಚ್ಚುವರಿ ಖಾಲಿ ಫೋಲ್ಡರುಗಳು ಕಾಣಿಸುತ್ತಿವೆ ಎಂದು ದೂರಿದ್ದರು. ಆ ದೂರಿಗೆ ಕಿವಿಗೊಟ್ಟು ಎಂಜಿನಿಯರುಗಳು ಅಕ್ಟೋಬರ್ ಆವೃತ್ತಿಯಲ್ಲಿ ನಕಲಿ ಫೋಲ್ಡರುಗಳನ್ನು ತೆಗೆದುಹಾಕುವ ಕೋಡ್ ಸೇರಿಸಿದರು. ಅಪ್‌ಡೇಟಿನ ಕ್ರಮದಲ್ಲಿ ಆದ ಇನ್ನೊಂದು ಬದಲಾವಣೆಯೂ ಇದರ ಜತೆ ಕೂಡಿಕೊಂಡಿತು. ಪರಿಣಾಮವಾಗಿ ಹಳೆಯ ಫೋಲ್ಡರುಗಳು ಅವುಗಳೊಳಗಿನ ಕಡತಗಳ ಸಮೇತ ಅಳಿಸಿಹೋದವು. ಖಾಲಿ ಎಂದು ಅವರು ತಿಳಿದಿದ್ದ ಫೋಲ್ಡರುಗಳು ಎಲ್ಲರ ಯಂತ್ರದಲ್ಲೂ ಖಾಲಿ ಇರಲಿಲ್ಲ.

ಕಡತ ಕಳೆದುಕೊಂಡ ದೂರುಗಳು ಅಪ್‌ಡೇಟ್ ಹಾಕಿಕೊಂಡವರ ಪೈಕಿ ಶೇ 0.01ರಷ್ಟು ಮಾತ್ರ ಎಂದು ಕಂಪನಿ ಹೇಳಿತು. ಬಿಡುಗಡೆಗೆ ಮೊದಲೇ, ಪರೀಕ್ಷಾ ಆವೃತ್ತಿ ಬಳಸುತ್ತಿದ್ದ ಕೆಲವರು ಇದನ್ನು ವರದಿ ಮಾಡಿದ್ದೂ ಆಮೇಲೆ ಬೆಳಕಿಗೆ ಬಂತು. ಆ ದೂರುಗಳಿಗೆ ಬೆಂಬಲ ಸೂಚಿಸಿದವರು ಕಡಿಮೆ ಇದ್ದುದರಿಂದ ಅವು ಸಾವಿರಾರು ಇತರ ದೂರುಗಳ ಅಡಿ ಸೇರಿಹೋಗಿದ್ದವು. ಈ ಘಟನೆಯ ನಂತರವೇ ದೂರು ಕೊಡುವವರು ತೊಂದರೆ ಎಷ್ಟು ಗಂಭೀರ ಎಂದು ಗುರುತಿಸುವ ವ್ಯವಸ್ಥೆಯನ್ನು ಕಂಪನಿ ಸೇರಿಸಿತು. ಸರಿಪಡಿಸಿದ ಆವೃತ್ತಿ ಮತ್ತೆ ಹೊರಬಂದದ್ದು ನವೆಂಬರ್ 13ರಂದು. ಶೇ 0.01 ಎಂಬ ಅಂಕಿ ಸಣ್ಣದಾಗಿ ಕಾಣಬಹುದು. ಕಳೆದುಕೊಂಡ ಮನೆಯವರಿಗೆ ಮಾತ್ರ ಅದು ನೂರಕ್ಕೆ ನೂರು.

ವಿಂಡೋಸ್ ಬರೆದವರಿಗೇ, ಅದರ ಒಳಗುಟ್ಟೆಲ್ಲ ಕೈಯಲ್ಲಿದ್ದವರಿಗೇ, ಯಾವುದು ಹೆಚ್ಚುವರಿ ಫೋಲ್ಡರ್, ಯಾವುದು ನಿಜವಾದದ್ದು ಎಂದು ಹೆಸರು ಮತ್ತು ಜಾಗ ನೋಡಿ ಹೇಳಲಾಗಲಿಲ್ಲ. ಹಾಗಿರುವಾಗ ಜೋಡಿ ಫೋಲ್ಡರ್ ಕಂಡ ತಕ್ಷಣ ಡಿಲೀಟ್ ಒತ್ತುವ ಧೈರ್ಯ ನಮಗೆ ಬೇಡ.

ಮೂಲ ವಿಷಯ ಇಷ್ಟೆ. ನಮ್ಮ ಕಣ್ಣಿಗೆ ಡಾಕ್ಯುಮೆಂಟ್ಸ್ ಎಂಬುದು ಒಂದು ಜಾಗ. ವಿಂಡೋಸ್‌ಗೆ ಅದು ಒಂದು ವಿಳಾಸ. ರಿಜಿಸ್ಟ್ರಿ ಎಂಬ ತನ್ನ ದಾಖಲೆಪುಸ್ತಕದಲ್ಲಿ, ಯೂಸರ್ ಶೆಲ್ ಫೋಲ್ಡರ್ಸ್ ಎಂಬ ತಲೆಬರಹದ ಅಡಿ, ಈ ಬಳಕೆದಾರರ ಡಾಕ್ಯುಮೆಂಟ್ಸ್ ಇಂಥ ಡ್ರೈವ್‌ನ ಇಂಥ ಫೋಲ್ಡರ್ ಎಂದು ಅದು ಬರೆದಿಟ್ಟುಕೊಳ್ಳುತ್ತದೆ. ವರ್ಡ್, ಎಕ್ಸೆಲ್, ಬ್ರೌಸರ್ ಎಲ್ಲವೂ ಆ ವಿಳಾಸ ಕೇಳಿಕೊಂಡು ಹೋಗುತ್ತವೆ. ಮನೆ ಬದಲಿಸಿದವರು ಅಂಚೆ ಕಚೇರಿಗೆ ಹೊಸ ವಿಳಾಸ ಕೊಟ್ಟು ಸಾಮಾನನ್ನು ಹಳೆಯ ಮನೆಯಲ್ಲೇ ಬಿಟ್ಟರೆ ಏನಾಗುತ್ತದೋ, ವಿಳಾಸ ಬದಲಾಗಿ ಕಡತಗಳು ಹಳೆಯ ಜಾಗದಲ್ಲೇ ಉಳಿದಾಗ ಇಲ್ಲೂ ಅದೇ ಆಗುತ್ತದೆ. ಹೊಸ ಕಾಗದಗಳು ಹೊಸ ಫೋಲ್ಡರಿಗೆ, ಹಳೆಯವು ಹಳೆಯದರಲ್ಲಿ. ಎರಡೂ ಫೋಲ್ಡರಿನ ಹೆಸರು ಒಂದೇ. ಎರಡರಲ್ಲೂ ಬೇಕಾದ್ದು ಇರುತ್ತದೆ. 2018ರಲ್ಲಿ ಕಡತ ಕಳೆದುಕೊಂಡವರು ಹೀಗೆ ಹಳೆಯ ಫೋಲ್ಡರಿನಲ್ಲಿ ಸಾಮಾನು ಬಿಟ್ಟಿದ್ದವರೇ.

ನಮ್ಮಲ್ಲಿ ಈ ತೊಂದರೆ ಹೆಚ್ಚು ಕಾಣಲು ಒಂದು ಹಳೆಯ ರೂಢಿಯೂ ಕಾರಣ. 1996ರ ಸುಮಾರಿಗೆ ಫ್ಯಾಟ್32 ಎಂಬ ಕಡತವ್ಯವಸ್ಥೆ ಬರುವ ತನಕ ವಿಂಡೋಸ್ 95ರಲ್ಲಿ ಒಂದು ಪಾರ್ಟಿಷನ್ 2 ಜಿಬಿಗಿಂತ ದೊಡ್ಡದಾಗಿರಲು ಆಗುತ್ತಿರಲಿಲ್ಲ. ದೊಡ್ಡ ಹಾರ್ಡ್ ಡಿಸ್ಕ್ ಕೊಂಡರೆ ಅದನ್ನು ಸಿ, ಡಿ, ಇ ಎಂದು ಕತ್ತರಿಸಲೇಬೇಕಿತ್ತು. ಆ ಮಿತಿ ಹೋಗಿ ಎಷ್ಟೋ ಕಾಲವಾಯಿತು, ಕತ್ತರಿಸುವ ಪದ್ಧತಿ ಮಾತ್ರ ಉಳಿಯಿತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಂಪ್ಯೂಟರ್ ಜೋಡಿಸಿಕೊಂಡು ತಂದವರಿಗೆ ಅಂಗಡಿಯವರು ಹೇಳುತ್ತಿದ್ದ ಮಾತು ನೆನಪಿರಬಹುದು: ‘ಸಾರ್, ವಿಂಡೋಸ್ ಸಿ ಡ್ರೈವ್‌ನಲ್ಲಿ ಇರ್ಲಿ. ನಿಮ್ಮ ಡಾಟಾ ಎಲ್ಲ ಡಿ ಡ್ರೈವ್‌ಗೆ ಹಾಕ್ಕೊಳ್ಳಿ. ನಾಳೆ ಫಾರ್ಮ್ಯಾಟ್ ಹೊಡೆದ್ರೂ ನಿಮ್ಮದು ಉಳಿಯುತ್ತೆ.’ ವೈರಸ್ ಕಾಟ ಹೆಚ್ಚಿದ್ದ ಆ ಕಾಲಕ್ಕೆ ಅದು ಒಳ್ಳೆಯ ಸಲಹೆಯೇ. ಆಮೇಲೆ ಎಸ್‌ಎಸ್‌ಡಿ ಬಂತು. 128 ಅಥವಾ 256 ಜಿಬಿಯ ಸಣ್ಣ ಎಸ್‌ಎಸ್‌ಡಿಯಲ್ಲಿ ವಿಂಡೋಸ್, ಪಕ್ಕದಲ್ಲಿ 1 ಟಿಬಿಯ ಹಾರ್ಡ್ ಡಿಸ್ಕ್ ಇರುವ ಲ್ಯಾಪ್‌ಟಾಪುಗಳು ಮನೆಮನೆಗೆ ಬಂದವು. ಸಿ ಡ್ರೈವ್ ಬೇಗ ತುಂಬುತ್ತದೆ, ಕೆಂಪು ಪಟ್ಟಿ ಕಾಣಿಸುತ್ತದೆ, ಯಾರೋ ಒಬ್ಬರು ಕಡತಗಳನ್ನು ಡಿ ಡ್ರೈವ್‌ಗೆ ತಿರುಗಿಸುತ್ತಾರೆ. ಜೋಡಿ ಫೋಲ್ಡರುಗಳು ಹುಟ್ಟುವುದು ಹೆಚ್ಚಾಗಿ ಇಲ್ಲಿಂದಲೇ.

ತಿರುಗಿಸುವ ದಾರಿಗಳು ಒಂದಕ್ಕಿಂತ ಹೆಚ್ಚು ಇರುವುದು ಗೊಂದಲವನ್ನು ಹೆಚ್ಚಿಸಿದೆ. ವಿಂಡೋಸ್ 10 ಮತ್ತು 11ರ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಎಂಬ ಪುಟವಿದೆ. ಅದರಲ್ಲಿ, ಹೊಸದಾಗಿ ಉಳಿಸುವ ಕಡತಗಳು ಯಾವ ಡ್ರೈವ್‌ಗೆ ಹೋಗಬೇಕು ಎಂದು ಆರಿಸುವ ಜಾಗವಿದೆ. ಅಲ್ಲಿ ಡಿ ಎಂದು ಆರಿಸಿ ಅಪ್ಲೈ ಒತ್ತಿದರೆ ಸಾಕು, ವಿಂಡೋಸ್ ಡಿ ಡ್ರೈವ್‌ನಲ್ಲಿ ನಿಮ್ಮ ಹೆಸರಿನ ಫೋಲ್ಡರ್ ಸೃಷ್ಟಿಸಿ ಅದರೊಳಗೆ ಡಾಕ್ಯುಮೆಂಟ್ಸ್ ಮುಂತಾದವನ್ನು ಮಾಡಿಡುತ್ತದೆ. ಹೊಸ ಆ್ಯಪ್‌ಗಳನ್ನೂ ಡಿಗೆ ಹಾಕುವಂತೆ ಹೇಳಿದ್ದರೆ ವಿಂಡೋಸ್‌ಆ್ಯಪ್ಸ್, ಡಬ್ಲ್ಯುಪಿಸಿಸ್ಟಂ ಎಂಬ ಫೋಲ್ಡರುಗಳೂ ಪಕ್ಕದಲ್ಲಿ ಬಂದು ಕೂರುತ್ತವೆ. ಅವನ್ನು ತೆರೆಯಲು ಹೋದರೆ ಅನುಮತಿ ಇಲ್ಲ ಎನ್ನುತ್ತದೆ. ಬಹಳ ಜನ ಇದನ್ನು ವೈರಸ್ ಎಂದು ಹೆದರುತ್ತಾರೆ. ಈ ಎರಡು ಹೆಸರು ಕಂಡರೆ ಹೆಚ್ಚಾಗಿ ಸ್ಟೋರೇಜ್ ಪುಟದಲ್ಲಿ ಎಂದೋ ಯಾರೋ ಆಯ್ಕೆ ಬದಲಿಸಿರುತ್ತಾರೆ. ಆ ಪುಟ ಹಳೆಯ ಕಡತಗಳನ್ನು ಮುಟ್ಟುವುದಿಲ್ಲ. ಅವು ಸಿ ಡ್ರೈವ್‌ನಲ್ಲೇ ಇರುತ್ತವೆ. ಆಯ್ಕೆಯನ್ನು ಮತ್ತೆ ಸಿಗೆ ಬದಲಿಸಿದರೂ ಡಿ ಡ್ರೈವ್‌ನ ಫೋಲ್ಡರ್ ತಾನಾಗಿ ಹೋಗುವುದಿಲ್ಲ, ಒಳಗಿನ ಕಡತಗಳೂ ವಾಪಸು ಬರುವುದಿಲ್ಲ.

ಇನ್ನೊಂದು ದಾರಿ ಹಳೆಯದು, ನನ್ನ ಮಟ್ಟಿಗೆ ಉತ್ತಮವಾದದ್ದು. ಡಾಕ್ಯುಮೆಂಟ್ಸ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದರೆ ಲೊಕೇಶನ್ ಎಂಬ ಟ್ಯಾಬ್ ಸಿಗುತ್ತದೆ. ಅಲ್ಲಿ ಮೂವ್ ಒತ್ತಿ ಹೊಸ ಜಾಗ ತೋರಿಸಿದರೆ, ಇದ್ದ ಕಡತಗಳನ್ನೂ ಅಲ್ಲಿಗೆ ಸಾಗಿಸಲೇ ಎಂದು ವಿಂಡೋಸ್ ಕೇಳುತ್ತದೆ. ಹೌದು ಎಂದರೆ ಒಂದೇ ಫೋಲ್ಡರ್ ಉಳಿಯುತ್ತದೆ. ಬೇಡ ಎಂದರೆ ಎರಡಾಗುತ್ತದೆ. ಇಲ್ಲಿ ಎಚ್ಚರ ಬೇಕಾದ್ದು ಜಾಗ ಆರಿಸುವಾಗ. ಡಿ ಡ್ರೈವ್‌ನಲ್ಲಿ ಮೊದಲು ಒಂದು ಫೋಲ್ಡರ್ ಮಾಡಿ ಅದನ್ನು ತೋರಿಸಬೇಕು. ಅದರ ಬದಲು ಡಿ ಡ್ರೈವನ್ನೇ ತೋರಿಸಿಬಿಟ್ಟರೆ ಇಡೀ ಡ್ರೈವ್ ಡಾಕ್ಯುಮೆಂಟ್ಸ್ ಆಗಿಬಿಡುತ್ತದೆ. ಆಮೇಲೆ ಗಾಬರಿಯಿಂದ ರಿಸ್ಟೋರ್ ಡಿಫಾಲ್ಟ್ ಒತ್ತಿ ಸಾಗಿಸಲು ಒಪ್ಪಿದರೆ ಡಿ ಡ್ರೈವ್‌ನಲ್ಲಿ ಇರುವುದನ್ನೆಲ್ಲ ಸಿಗೆ ತುಂಬಲು ವಿಂಡೋಸ್ ಹೊರಡುತ್ತದೆ. ಆ ಹಂತಕ್ಕೆ ಬಂದಿದ್ದರೆ ಮುಂದೆ ಏನೂ ಒತ್ತದೆ, ರಿಜಿಸ್ಟ್ರಿ ಬಲ್ಲವರ ಹತ್ತಿರ ಕೂತು ವಿಳಾಸ ತಿದ್ದಿಸಿಕೊಳ್ಳುವುದೇ ಸರಿ.

ಮೂರನೆಯದು ಒನ್‌ಡ್ರೈವ್, ಅಂದರೆ ಕಡತಗಳನ್ನು ಅಂತರ್ಜಾಲದಲ್ಲಿ ಇಡುವ ಮೈಕ್ರೋಸಾಫ್ಟ್‌ನ ಸೇವೆ. ಈಗಿನ ಲ್ಯಾಪ್‌ಟಾಪುಗಳಲ್ಲಿ ಗೊಂದಲದ ಬಹುಪಾಲು ಇಲ್ಲೇ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲದ ಅವಧಿ ಮುಗಿದದ್ದರಿಂದ ವಿಂಡೋಸ್ 11ಕ್ಕೆ ಬಂದವರು ಬಹಳ ಮಂದಿ. ಹೊಸ ಯಂತ್ರವನ್ನು ಸಿದ್ಧಪಡಿಸುವಾಗ ಮೈಕ್ರೋಸಾಫ್ಟ್ ಖಾತೆ ಕೊಡಬೇಕು. ಕೊಟ್ಟ ಮೇಲೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೂರನ್ನೂ ಒನ್‌ಡ್ರೈವ್‌ಗೆ ಬ್ಯಾಕಪ್ ಮಾಡುವ ವ್ಯವಸ್ಥೆ ಚಾಲೂ ಆಗಬಹುದು. ಅದಕ್ಕೆ ಬ್ಯಾಕಪ್ ಎಂಬ ಹೆಸರಿದ್ದರೂ ಒಳಗೆ ನಡೆಯುವುದು ಪ್ರತಿ ತೆಗೆಯುವ ಕೆಲಸವಲ್ಲ. ಡಾಕ್ಯುಮೆಂಟ್ಸ್‌ನ ವಿಳಾಸವೇ ಬದಲಾಗಿ ನಿಮ್ಮ ಹೆಸರಿನ ಫೋಲ್ಡರಿನೊಳಗಿನ ಒನ್‌ಡ್ರೈವ್ ಫೋಲ್ಡರಿಗೆ ಹೋಗುತ್ತದೆ. ಹಳೆಯ ಡಾಕ್ಯುಮೆಂಟ್ಸ್ ಪಕ್ಕದಲ್ಲಿ ಬರಿದಾಗಿ ನಿಂತಿರುತ್ತದೆ. ಉಚಿತವಾಗಿ ಸಿಗುವುದು 5 ಜಿಬಿ. ಮದುವೆಯ ಒಂದು ವಿಡಿಯೋ ಸಾಕು, ಅದು ತುಂಬಿಹೋಗಲು. ತುಂಬಿದ ಮೇಲೆ ಹೊಸ ಕಡತಗಳು ಮೇಲೆ ಹೋಗುವುದು ನಿಲ್ಲುತ್ತದೆ.

ಬೇಸತ್ತು ಒನ್‌ಡ್ರೈವ್ ಬ್ಯಾಕಪ್ ಆಫ್ ಮಾಡಿದರೆ ನಿಜವಾದ ಕಸಿವಿಸಿ ಶುರು. ಆಫ್ ಮಾಡಿದ ಮೇಲೂ ಕಡತಗಳು ಒನ್‌ಡ್ರೈವ್ ಫೋಲ್ಡರಿನಲ್ಲೇ ಉಳಿದು, ಡಾಕ್ಯುಮೆಂಟ್ಸ್ ಮಾತ್ರ ಹಳೆಯ ಜಾಗಕ್ಕೆ ಮರಳುವ ಕ್ರಮ ಬಹುಕಾಲ ಇತ್ತು. ಹಾಗಾದಾಗ ಡೆಸ್ಕ್‌ಟಾಪ್ ಬೋಳಾಗಿ ಕಾಣುತ್ತದೆ. ನಿಮ್ಮ ಕಡತಗಳು ಎಲ್ಲಿವೆ ಎಂದು ತೋರಿಸುವ ಒಂದು ಶಾರ್ಟ್‌ಕಟ್ ಮಾತ್ರ ಅಲ್ಲಿರುತ್ತದೆ. ಅದನ್ನು ಗಮನಿಸದವರು ಎಲ್ಲವೂ ಹೋಯಿತು ಎಂದು ಅಂಗಡಿಗೆ ಓಡುತ್ತಾರೆ. ಗಮನಿಸಿದವರಲ್ಲಿ ಕೆಲವರು ಒನ್‌ಡ್ರೈವ್ ಫೋಲ್ಡರ್ ಇನ್ನು ಬೇಡ ಎಂದು ಅಳಿಸುತ್ತಾರೆ. ಎರಡನೆಯದು ಹೆಚ್ಚು ಕೆಟ್ಟದ್ದು. ಒನ್‌ಡ್ರೈವ್ ಜತೆಗಿನ ಜೋಡಣೆ ಇನ್ನೂ ಚಾಲೂ ಇದ್ದರೆ ಇಲ್ಲಿ ಅಳಿಸಿದ್ದು ಅಂತರ್ಜಾಲದ ಪ್ರತಿಯಲ್ಲೂ ಅಳಿಯುತ್ತದೆ, ಅದೇ ಖಾತೆಯ ಇತರ ಕಂಪ್ಯೂಟರಿನಲ್ಲೂ ಅಳಿಯುತ್ತದೆ. ವೈಯಕ್ತಿಕ ಖಾತೆಯಾದರೆ ಒನ್‌ಡ್ರೈವ್ ಜಾಲತಾಣದ ರಿಸೈಕಲ್ ಬಿನ್‌ನಲ್ಲಿ 30 ದಿನ ಸಿಗುತ್ತದೆ ಎಂಬುದನ್ನು ನೆನಪಿಡಿ. ಕಡತದ ಪಕ್ಕ ಮೋಡದ ಚಿತ್ರವಿದ್ದರೆ ಅದು ನಿಮ್ಮ ಡಿಸ್ಕಿನಲ್ಲಿ ಇಲ್ಲ, ಹೆಸರು ಮಾತ್ರ ಇದೆ ಎಂದು ಅರ್ಥ. ಅಂಥದ್ದನ್ನು ಬೇರೆಡೆ ಇಡಬೇಕಾದರೆ ಮೊದಲು ಪೂರ್ತಿ ಇಳಿಸಿಕೊಳ್ಳಬೇಕು.

ಸಿ ಡ್ರೈವ್‌ನ ಯೂಸರ್ಸ್ ಫೋಲ್ಡರಿನಲ್ಲೇ ಒಂದೇ ಹೆಸರು ಎರಡು ಸಲ ಬರುವುದು ಬೇರೆ ಕಥೆ. ನಿಮ್ಮ ಹೆಸರು, ಅದರ ಪಕ್ಕದಲ್ಲಿ ನಿಮ್ಮ ಹೆಸರಿಗೆ ಚುಕ್ಕಿ ಹಾಕಿ ಕಂಪ್ಯೂಟರಿನ ಹೆಸರನ್ನೋ ಮೂರು ಸೊನ್ನೆಯನ್ನೋ ಸೇರಿಸಿದ ಫೋಲ್ಡರ್. ವಿಂಡೋಸ್ ನಿಮ್ಮ ಹಳೆಯ ಪ್ರೊಫೈಲ್ (ನಿಮ್ಮ ಕಡತ, ಆಯ್ಕೆಗಳಿರುವ ಫೋಲ್ಡರ್) ತೆರೆಯಲಾಗದೆ ಹೊಸದನ್ನು ಕಟ್ಟಿದೆ ಎಂಬುದರ ಗುರುತು ಅದು. ಕೆಲವೊಮ್ಮೆ ಟೆಂಪ್ ಎಂಬ ಹೆಸರಿನ ತಾತ್ಕಾಲಿಕ ಪ್ರೊಫೈಲ್‌ನಲ್ಲಿ ಒಳಗೆ ಬಿಡುತ್ತದೆ. ಪರದೆ ಹೊಚ್ಚಹೊಸ ಯಂತ್ರದಂತೆ ಕಾಣುತ್ತದೆ, ಐಕಾನುಗಳಿಲ್ಲ, ಗೋಡೆಚಿತ್ರವಿಲ್ಲ. ಹಳೆಯ ಕಡತಗಳು ಸುರಕ್ಷಿತವಾಗಿಯೇ ಇರುತ್ತವೆ. ಆದರೆ ಆ ತಾತ್ಕಾಲಿಕ ಪ್ರೊಫೈಲ್‌ನಲ್ಲಿ ಕೂತು ನೀವು ಉಳಿಸಿದ್ದೆಲ್ಲ ಸೈನ್ ಔಟ್ ಆದೊಡನೆ ಅಳಿಯುತ್ತದೆ. ಅಂಥ ದಿನ ಕೆಲಸಕ್ಕೆ ಕೂರಬೇಡಿ. ಒಮ್ಮೆ ರೀಸ್ಟಾರ್ಟ್ ಮಾಡಿ ನೋಡಿ, ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಹೋಗದಿದ್ದರೆ ತಂತ್ರಜ್ಞರು ರಿಜಿಸ್ಟ್ರಿಯ ಪ್ರೊಫೈಲ್‌ಲಿಸ್ಟ್ ಎಂಬ ಭಾಗದಲ್ಲಿ ನಿಮ್ಮ ಖಾತೆಯ ಸಂಖ್ಯೆಯ ತುದಿಗೆ ಡಾಟ್ ಬಿಎಕೆ ಎಂದು ಸೇರಿರುವುದನ್ನು ಹುಡುಕಿ ಸರಿಪಡಿಸುತ್ತಾರೆ.

ಡಿ ಡ್ರೈವ್‌ನಲ್ಲಿ ಯೂಸರ್ಸ್, ವಿಂಡೋಸ್, ಪ್ರೋಗ್ರಾಂ ಫೈಲ್ಸ್ ಮೂರೂ ಒಟ್ಟಿಗೆ ಕಂಡರೆ ಅಲ್ಲಿ ಹಿಂದೊಮ್ಮೆ ಇನ್ನೊಂದು ವಿಂಡೋಸ್ ಇತ್ತು, ಅಥವಾ ಹಳೆಯ ಕಂಪ್ಯೂಟರಿನ ಡಿಸ್ಕನ್ನು ತಂದು ಇದಕ್ಕೆ ಜೋಡಿಸಿದ್ದಾರೆ. ಒಳಗೆ ಹೋಗಲು ಅನುಮತಿ ಕೇಳುತ್ತದೆ, ಏಕೆಂದರೆ ಆ ಕಡತಗಳ ಒಡೆತನ ಹಳೆಯ ವಿಂಡೋಸ್‌ನ ಖಾತೆ ಸಂಖ್ಯೆಯ ಹೆಸರಿನಲ್ಲಿದೆ; ಹೆಸರು ಒಂದೇ ಆದರೂ ಸಂಖ್ಯೆ ಬೇರೆ. ಸಿ ಡ್ರೈವ್‌ನಲ್ಲಿ ವಿಂಡೋಸ್ ಡಾಟ್ ಓಲ್ಡ್ ಕಂಡರೆ ಅದು ಅಪ್‌ಗ್ರೇಡ್‌ಗೆ ಮುಂಚಿನದು. ಅದರೊಳಗೂ ಒಂದು ಯೂಸರ್ಸ್ ಇರುತ್ತದೆ. ಸಾಮಾನ್ಯವಾಗಿ 10 ದಿನಗಳಲ್ಲಿ ವಿಂಡೋಸ್ ತಾನೇ ಅದನ್ನು ಅಳಿಸುವುದರಿಂದ, ಬೇಕಾದ್ದಿದ್ದರೆ ಅಷ್ಟರೊಳಗೆ ಎತ್ತಿಟ್ಟುಕೊಳ್ಳಬೇಕು.

ಇವೆಲ್ಲ ನಿಜವಾದ ಎರಡು ಫೋಲ್ಡರುಗಳ ಮಾತಾಯಿತು. ಎರಡಾಗಿ ಕಂಡರೂ ಒಂದೇ ಆಗಿರುವವೂ ಇವೆ. ಎಕ್ಸ್‌ಪಿ ಕಾಲದಲ್ಲಿ ಬಳಕೆದಾರರ ಕಡತಗಳು ಡಾಕ್ಯುಮೆಂಟ್ಸ್ ಆ್ಯಂಡ್ ಸೆಟ್ಟಿಂಗ್ಸ್ ಎಂಬ ಫೋಲ್ಡರಿನಲ್ಲಿದ್ದವು. ವಿಸ್ಟಾದಲ್ಲಿ ಅದು ಯೂಸರ್ಸ್ ಆಯಿತು. ಹಳೆಯ ಹೆಸರನ್ನೇ ನಂಬಿದ್ದ ಪ್ರೋಗ್ರಾಂಗಳು ಎಡವಬಾರದೆಂದು ಆ ಹೆಸರಿನಲ್ಲಿ ಒಂದು ಜಂಕ್ಷನ್ ಇಟ್ಟರು. ಜಂಕ್ಷನ್ ಎಂದರೆ ಒಳಗೆ ಏನೂ ಇಲ್ಲದ, ಬೇರೊಂದು ಫೋಲ್ಡರಿಗೆ ದಾರಿ ತೋರಿಸುವ ಕೊಂಡಿ. ವಿಂಡೋಸ್ 2000ದ ಕಾಲದಿಂದ ಇದೆ. ಅಡಗಿಸಿಟ್ಟ ಫೋಲ್ಡರುಗಳನ್ನು ಕಾಣಿಸುವಂತೆ ಮಾಡಿಕೊಂಡವರಿಗೆ ಇಂಥ ಹತ್ತಾರು ಕಾಣುತ್ತವೆ, ಕ್ಲಿಕ್ ಮಾಡಿದರೆ ಪ್ರವೇಶವಿಲ್ಲ ಎನ್ನುತ್ತವೆ. ಅವನ್ನು ತೆರೆಯಲು ಅನುಮತಿ ಬದಲಿಸುವ ಸಾಹಸ ಬೇಡವೇ ಬೇಡ. ಅವುಗಳಲ್ಲೊಂದು, ಆ್ಯಪ್‌ಡೇಟಾದ ಲೋಕಲ್ ಫೋಲ್ಡರಿನೊಳಗಿನ ಅಪ್ಲಿಕೇಶನ್ ಡೇಟಾ ಎಂಬುದು, ತಾನಿರುವ ಲೋಕಲ್ ಫೋಲ್ಡರನ್ನೇ ತೋರಿಸುತ್ತದೆ. ಜಂಕ್ಷನ್ ಅರಿಯದ ಕಾಪಿ ಪ್ರೋಗ್ರಾಂ ಅದರೊಳಗೆ ಇಳಿದರೆ ಅದೇ ಫೋಲ್ಡರಿನೊಳಗೆ ಅದೇ ಫೋಲ್ಡರ್, ಅದರೊಳಗೆ ಮತ್ತೆ ಅದೇ ಎಂದು ವಿಳಾಸದ ಉದ್ದದ ಮಿತಿ ಮುಟ್ಟುವ ತನಕ ಸುತ್ತುತ್ತದೆ. ಅದಕ್ಕಾಗಿಯೇ ವಿಂಡೋಸ್‌ನ ರೋಬೋಕಾಪಿ ಆಜ್ಞೆಗೆ ಜಂಕ್ಷನ್‌ಗಳನ್ನು ಬಿಟ್ಟು ಮುಂದೆ ಹೋಗು ಎನ್ನುವ ಎಕ್ಸ್‌ಜೆ ಎಂಬ ಸೂಚನೆ ಇರುವುದು.

ಕಾಣುವ ಫೋಲ್ಡರ್ ನಿಜದ್ದೋ ಜಂಕ್ಷನ್ನೋ ತಿಳಿಯಲು ಕಮಾಂಡ್ ಪ್ರಾಂಪ್ಟ್ ತೆರೆದು, ಆ ಜಾಗಕ್ಕೆ ಹೋಗಿ, ಡಿಐಆರ್ ಎಂದು ಬರೆದು ಒಂದು ಅಂತರ ಬಿಟ್ಟು ಸ್ಲ್ಯಾಶ್, ಎ, ಎಲ್ ಅಕ್ಷರಗಳನ್ನು ಇಂಗ್ಲಿಷಿನಲ್ಲಿ ಹೊಡೆದರೆ ಅಲ್ಲಿನ ಜಂಕ್ಷನ್‌ಗಳ ಪಟ್ಟಿ ಬರುತ್ತದೆ. ಪ್ರತಿಯೊಂದರ ಮುಂದೆ ಅದು ತೋರಿಸುವ ವಿಳಾಸವೂ ಇರುತ್ತದೆ. ಸಿ ಡ್ರೈವ್ ತುಂಬಿದಾಗ ಜಾಣ ತಂತ್ರಜ್ಞರು ಕೆಲವರು ಫೋಲ್ಡರನ್ನು ಡಿಗೆ ಸಾಗಿಸಿ ಹಳೆಯ ಜಾಗದಲ್ಲಿ ಜಂಕ್ಷನ್ ಹಾಕಿರುತ್ತಾರೆ. ಅಂಥಲ್ಲಿ ಎರಡೂ ಕಡೆ ಅವೇ ಕಡತಗಳು ಕಾಣುತ್ತವೆ. ಅವಳಿ ಎಂದು ತಿಳಿದು ಒಂದು ಕಡೆ ಒಳಹೊಕ್ಕು ಕಡತಗಳನ್ನು ಅಳಿಸಿದರೆ ಎರಡೂ ಕಡೆಯಿಂದ ಹೋಗುತ್ತವೆ, ಏಕೆಂದರೆ ಇದ್ದದ್ದೇ ಒಂದು.

ಹೆಸರೂ ಮೋಸ ಮಾಡಬಹುದು. ಡಾಕ್ಯುಮೆಂಟ್ಸ್ ಫೋಲ್ಡರಿನೊಳಗೆ ಡೆಸ್ಕ್‌ಟಾಪ್ ಡಾಟ್ ಐಎನ್‌ಐ ಎಂಬ ಅಡಗಿದ ಕಡತವಿರುತ್ತದೆ. ಫೋಲ್ಡರಿನ ನಿಜವಾದ ಹೆಸರು ಏನೇ ಇದ್ದರೂ ಪರದೆಯ ಮೇಲೆ ಇಂಥ ಹೆಸರು ತೋರಿಸು ಎಂದು ಅದು ಹೇಳುತ್ತದೆ. ಫೋಲ್ಡರ್ ಜತೆ ಆ ಕಡತವೂ ಬೇರೆ ಡ್ರೈವ್‌ಗೆ ಹೋದರೆ, ನೀವು ಬೇರೆ ಹೆಸರಿಟ್ಟಿದ್ದ ಫೋಲ್ಡರ್ ಕೂಡ ಡಾಕ್ಯುಮೆಂಟ್ಸ್ ಎಂದೇ ತೋರುತ್ತದೆ. ಎಲ್ಲ ಸಿಬ್ಬಂದಿಯ ಕಡತಗಳನ್ನು ಒಂದು ಸರ್ವರ್‌ನಲ್ಲಿ ಇಡುವ ಕಚೇರಿಗಳಲ್ಲಿ, ಸಿಬ್ಬಂದಿಯ ಹೆಸರು ಕಾಣಬೇಕಾದ ಕಡೆ ಸಾಲಾಗಿ ಡಾಕ್ಯುಮೆಂಟ್ಸ್, ಡಾಕ್ಯುಮೆಂಟ್ಸ್ ಎಂದೇ ಕಂಡು ಆಡಳಿತಗಾರರು ತಲೆ ಕೆಡಿಸಿಕೊಂಡಿದ್ದಾರೆ. ಮೇಲಿನ ವಿಳಾಸಪಟ್ಟಿಯಲ್ಲಿ ಕ್ಲಿಕ್ ಮಾಡಿ ನೋಡಿದರೆ ನಿಜವಾದ ವಿಳಾಸ ಸಿಗುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ಯಾವ ಫೋಲ್ಡರ್ ಈಗ ಚಾಲ್ತಿಯಲ್ಲಿದೆ ಎಂದು ವಿಂಡೋಸನ್ನೇ ಕೇಳುವುದು ಮೊದಲ ಕೆಲಸ. ಫೈಲ್ ಎಕ್ಸ್‌ಪ್ಲೋರರ್‌ನ ಎಡಗಡೆಯ ಪಟ್ಟಿಯಲ್ಲಿರುವ ಡಾಕ್ಯುಮೆಂಟ್ಸ್‌ನ ಪ್ರಾಪರ್ಟೀಸ್ ತೆರೆದು ಲೊಕೇಶನ್ ಓದಿ, ಒಂದು ಕಾಗದದ ಮೇಲೆ ಬರೆದುಕೊಳ್ಳಿ. ನಂಬಿಕೆ ಬಾರದಿದ್ದರೆ ನೋಟ್‌ಪ್ಯಾಡ್‌ನಲ್ಲಿ ಎರಡು ಸಾಲು ಬರೆದು ಡಾಕ್ಯುಮೆಂಟ್ಸ್‌ಗೆ ಉಳಿಸಿ, ಅದು ಯಾವ ಡ್ರೈವ್‌ನಲ್ಲಿ ಬಿತ್ತು ಎಂದು ನೋಡಿ. ಪಿಕ್ಚರ್ಸ್, ಡೆಸ್ಕ್‌ಟಾಪ್, ಡೌನ್‌ಲೋಡ್ಸ್ ಒಂದೊಂದಕ್ಕೂ ಬೇರೆಬೇರೆಯಾಗಿ ನೋಡಬೇಕು, ಒಂದರ ವಿಳಾಸ ಬದಲಾಗಿ ಇನ್ನೊಂದರದು ಬದಲಾಗದೆ ಇರಬಹುದು.

ಆಮೇಲೆ ಎರಡೂ ಫೋಲ್ಡರುಗಳ ಕಡತಗಳನ್ನು ದಿನಾಂಕದ ಪ್ರಕಾರ ಜೋಡಿಸಿ. ಈ ಒಂದು ಕ್ರಮ ಬೇರೆಲ್ಲ ಉಪಾಯಗಳಿಗಿಂತ ಹೆಚ್ಚು ಹೇಳುತ್ತದೆ. ಚಾಲ್ತಿಯಲ್ಲಿರುವುದರಲ್ಲಿ ನಿನ್ನೆ ಮೊನ್ನೆಯ ಕಡತಗಳಿರುತ್ತವೆ. ಹಳೆಯದರಲ್ಲಿ ಒಂದು ದಿನಕ್ಕೆ ಬಂದು ದಿನಾಂಕ ನಿಂತುಬಿಟ್ಟಿರುತ್ತದೆ. ಆ ದಿನದ ಆಸುಪಾಸು ಏನಾಯಿತು ಎಂದು ನೆನಪಿಸಿಕೊಳ್ಳಿ: ಅಂಗಡಿಗೆ ಕೊಟ್ಟಿದ್ದಿರೋ, ದೊಡ್ಡ ಅಪ್‌ಡೇಟ್ ಬಂದಿತ್ತೋ, ಮಗ ರಜೆಗೆ ಬಂದಾಗ ಜಾಗ ಖಾಲಿ ಮಾಡಿಕೊಟ್ಟನೋ. ಕಾರಣ ಅಲ್ಲಿ ಸಿಗುತ್ತದೆ. ಎರಡರಲ್ಲೂ ಹೊಸ ದಿನಾಂಕಗಳಿದ್ದರೆ ಯಾವುದೋ ಪ್ರೋಗ್ರಾಂ ಹಳೆಯ ವಿಳಾಸವನ್ನು ಬಿಟ್ಟಿಲ್ಲ ಎಂದು ಅರ್ಥ, ಅಂಥಲ್ಲಿ ಆತುರ ಸಲ್ಲ.

ನಂತರ ಎರಡೂ ಫೋಲ್ಡರುಗಳ ಪ್ರತಿಯನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ತೆಗೆಯಿರಿ. ಬೇರೆಬೇರೆ ಹೆಸರಿನಲ್ಲಿ, ಒಂದರೊಳಗೊಂದು ಬೆರೆಸದೆ. ಒಂದೇ ಹೆಸರಿನ ಕಡತ ಎರಡೂ ಕಡೆ ಇದ್ದಾಗ ರಿಪ್ಲೇಸ್ ಒತ್ತುವುದು ಅಳಿಸುವುದಕ್ಕೆ ಸಮ. ಹಳೆಯ ಕರಡು ಹೊಸದರ ಮೇಲೆ ಕೂರಬಹುದು. ಎರಡು ಕಡತ ನಿಜವಾಗಿ ಒಂದೇ ಎಂದು ತಿಳಿಯಲು ಹೆಸರೂ ಸಾಲದು, ಗಾತ್ರವೂ ಸಾಲದು. ವಿಂಡೋಸ್‌ನಲ್ಲೇ ಇರುವ ಸರ್ಟ್‌ಯುಟಿಲ್ ಆಜ್ಞೆಯಿಂದ ಎರಡರ ಹ್ಯಾಶ್ (ಕಡತದ ಒಳಗಿರುವುದರಿಂದ ಲೆಕ್ಕ ಹಾಕಿದ ಗುರುತು) ತೆಗೆದು ಹೋಲಿಸಬಹುದು. ಎಲ್ಲ ಕಡತಕ್ಕೂ ಇಷ್ಟು ಶ್ರಮ ಬೇಕಿಲ್ಲ. ಜಮೀನಿನ ದಾಖಲೆ, ಪ್ರಬಂಧ, ಲೆಕ್ಕಪತ್ರಕ್ಕೆ ಬೇಕು.

ಇಷ್ಟಾದ ಮೇಲೂ ಹಳೆಯ ಫೋಲ್ಡರನ್ನು ಅಳಿಸಬೇಡಿ. ಹೆಸರು ಬದಲಿಸಿ. ಹೆಸರಿನ ಕೊನೆಗೆ ‘ಹಳೆಯದು’ ಎಂದು ಸೇರಿಸಿ ಒಂದು ತಿಂಗಳು ಬಿಡಿ. ಅದನ್ನು ನಂಬಿಕೊಂಡಿದ್ದ ಪ್ರೋಗ್ರಾಂ ಏನಾದರೂ ಇದ್ದರೆ ಕಡತ ಸಿಗಲಿಲ್ಲ ಎಂದು ಅಷ್ಟರಲ್ಲಿ ಹೇಳಿರುತ್ತದೆ. ಆಗ ಹೆಸರನ್ನು ಮೊದಲಿನಂತೆ ಮಾಡಿದರೆ ಆಯಿತು. ಉದಾಹರಣೆಗೆ, ಔಟ್‌ಲುಕ್ ಬಳಸುವ ಕೆಲವರ ಮೇಲ್‌ಗಳ ಕಡತ ಡಾಕ್ಯುಮೆಂಟ್ಸ್‌ನ ಔಟ್‌ಲುಕ್ ಫೈಲ್ಸ್‌ನಲ್ಲಿರುತ್ತದೆ. ಯೂಸರ್ಸ್‌ನೊಳಗಿನ ಪಬ್ಲಿಕ್ ಎಂಬ ಫೋಲ್ಡರ್ ಯಾರದ್ದೋ ಎಂದು ಕಂಡರೂ ಅದನ್ನು ಮುಟ್ಟಬಾರದು. ಬೆಂಗಳೂರಿನ ಟ್ಯಾಲಿ ಕಂಪನಿಯ ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿಪ್ರೈಮ್ ತನ್ನ ಲೆಕ್ಕಗಳನ್ನು ಮಾಮೂಲಾಗಿ ಇಡುವುದು ಅಲ್ಲೇ. ವ್ಯಾಪಾರಿಯೊಬ್ಬರ ವರ್ಷದ ಜಿಎಸ್‌ಟಿ ಲೆಕ್ಕವೆಲ್ಲ, ಅವರ ಹೆಸರಿಲ್ಲದ ಆ ಫೋಲ್ಡರಿನಲ್ಲಿ ಇರುತ್ತದೆ.

ಒಂದು ತಪ್ಪು ನಂಬಿಕೆಯನ್ನು ಇಲ್ಲೇ ಬಿಡಿಸಬೇಕು. ಸಿಯಲ್ಲೂ ಇದೆ, ಡಿಯಲ್ಲೂ ಇದೆ, ಆದ್ದರಿಂದ ಬ್ಯಾಕಪ್ ಇದ್ದಂತೆಯೇ ಎಂದು ಬಹಳ ಮಂದಿ ನೆಮ್ಮದಿಯಾಗಿರುತ್ತಾರೆ. ಸಿ ಮತ್ತು ಡಿ ಒಂದೇ ಡಿಸ್ಕಿನ ಎರಡು ಭಾಗಗಳಾಗಿದ್ದರೆ ಡಿಸ್ಕ್ ಕೆಟ್ಟ ದಿನ ಎರಡೂ ಒಟ್ಟಿಗೆ ಹೋಗುತ್ತವೆ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಡಿಸ್ಕ್ 0, ಡಿಸ್ಕ್ 1 ಎಂಬ ಸಾಲುಗಳು ಕಾಣುತ್ತವೆ. ಸಿ ಮತ್ತು ಡಿ ಎರಡೂ ಒಂದೇ ಸಾಲಿನಲ್ಲಿದ್ದರೆ ಇರುವುದು ಒಂದೇ ಡಿಸ್ಕ್.

ಈಗಾಗಲೇ ಅಳಿಸಿಬಿಟ್ಟಿದ್ದರೆ ಆ ಕಂಪ್ಯೂಟರ್ ಬಳಸುವುದನ್ನು ಅಲ್ಲಿಗೇ ನಿಲ್ಲಿಸಿ. 2018ರಲ್ಲಿ ಮೈಕ್ರೋಸಾಫ್ಟ್ ಕೂಡ ಕಡತ ಕಳೆದುಕೊಂಡವರಿಗೆ ಕೊಟ್ಟ ಮೊದಲ ಸಲಹೆ ಯಂತ್ರವನ್ನು ಆದಷ್ಟು ಕಡಿಮೆ ಬಳಸಿ ಎಂಬುದೇ. ಅಳಿಸಿದ ಕಡತದ ಜಾಗದಲ್ಲಿ ಹೊಸದು ಬರೆಯುವ ತನಕ ಹಾರ್ಡ್ ಡಿಸ್ಕಿನಿಂದ ಅದನ್ನು ಎತ್ತುವ ಆಸೆ ಇರುತ್ತದೆ. ಎಸ್‌ಎಸ್‌ಡಿಯಲ್ಲಿ ಆ ಆಸೆ ಬಹಳ ಕಡಿಮೆ. ವಿಂಡೋಸ್ 7ರಿಂದ ಈಚೆಗೆ ಟ್ರಿಮ್ ಎಂಬ ಆಜ್ಞೆ ಅಳಿಸಿದ ಜಾಗವನ್ನು ಬೇಗನೆ ತೊಳೆದುಬಿಡುತ್ತದೆ. ಕಡತ ಎತ್ತುವ ಸಾಫ್ಟ್‌ವೇರನ್ನು ಅದೇ ಡ್ರೈವ್‌ಗೆ ಇಳಿಸಿಕೊಳ್ಳುವುದು, ಎತ್ತಿದ ಕಡತಗಳನ್ನು ಅಲ್ಲೇ ಉಳಿಸುವುದು ಎರಡೂ ಇರುವ ಅವಕಾಶವನ್ನು ಕೆಡಿಸುತ್ತವೆ.

ಲಿನಕ್ಸ್ ಬಳಸುವವರು ಇದು ತಮಗಲ್ಲ ಎಂದು ಭಾವಿಸಬೇಕಿಲ್ಲ. ಹೋಮ್ ಫೋಲ್ಡರನ್ನು ಹೊಸ ಪಾರ್ಟಿಷನ್‌ಗೆ ನಕಲಿಸಿ ಅದನ್ನು ಹಳೆಯ ಜಾಗದ ಮೇಲೆ ಮೌಂಟ್ ಮಾಡಿದರೆ ಹಳೆಯ ಪ್ರತಿ ಅಡಿಯಲ್ಲಿ ಹಾಗೇ ಉಳಿಯುತ್ತದೆ. ಕಣ್ಣಿಗೆ ಕಾಣದು, ಜಾಗ ಮಾತ್ರ ತಿನ್ನುತ್ತದೆ.

ತಪ್ಪು ಬಳಸುವವರದಲ್ಲ ಎಂಬುದನ್ನು ಖಚಿತವಾಗಿ ಹೇಳಬೇಕು. ವಿಂಡೋಸ್‌ನಲ್ಲಿ ವಿಳಾಸ ಬದಲಿಸಲು ಮೂರು ದಾರಿ ಇಟ್ಟು, ಮೂರೂ ಮೂರು ರೀತಿ ನಡೆದುಕೊಳ್ಳುವಂತೆ ಮಾಡಿ, ಬದಲಾದ ಮೇಲೆ ನಿಮ್ಮ ಹಳೆಯ ಕಡತಗಳು ಇನ್ನೂ ಇಂಥಲ್ಲಿವೆ ಎಂದು ಸ್ಪಷ್ಟವಾಗಿ ಹೇಳದಿರುವುದು ವಿನ್ಯಾಸದ ದೋಷ. ಡಿಸ್ಕ್, ಡ್ರೈವ್, ಮೋಡ ಎಂಬ ಭೇದ ತಿಳಿಯದೆಯೇ ಒಬ್ಬ ನಿವೃತ್ತ ಮೇಷ್ಟ್ರು ತಮ್ಮ ಬರಹವನ್ನು ನಿಶ್ಚಿಂತೆಯಿಂದ ಉಳಿಸಿಕೊಳ್ಳುವಂತಿರಬೇಕು. ಯಾವ ಕಂಪನಿಯೂ ಅವರ ಅನುಮತಿ ಇಲ್ಲದೆ ಕಡತಗಳ ವಿಳಾಸ ಬದಲಿಸಬಾರದು, ನಕಲಿ ಎಂದು ಊಹಿಸಿ ಏನನ್ನೂ ಅಳಿಸಬಾರದು.

ಅಪ್ಪ ಅಮ್ಮನ ಲ್ಯಾಪ್‌ಟಾಪ್ ಸರಿಮಾಡಿಕೊಡುವ ಮಕ್ಕಳಲ್ಲಿ, ಊರೂರಿನ ಕಂಪ್ಯೂಟರ್ ಅಂಗಡಿಯ ಹುಡುಗರಲ್ಲಿ ಒಂದು ಕೋರಿಕೆ. ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್ ಈಗ ಯಾವ ಡ್ರೈವ್‌ನಲ್ಲಿವೆ, ಒನ್‌ಡ್ರೈವ್ ಚಾಲೂ ಇದೆಯೇ, ಹಳೆಯ ಕಡತಗಳನ್ನು ಎಲ್ಲಿ ಬಿಟ್ಟಿದ್ದೀರಿ ಎಂಬುದನ್ನು ಕನ್ನಡದಲ್ಲಿ ಒಂದು ಚೀಟಿಯಲ್ಲಿ ಬರೆದು, ದಿನಾಂಕ ಹಾಕಿ, ಯಂತ್ರದ ಜತೆ ಕೊಡಿ. ಮುಂದೆ ಅದೇ ಹೆಸರಿನ ಎರಡನೆಯ ಫೋಲ್ಡರ್ ಕಂಡಾಗ ಅವರು ಡಿಲೀಟ್ ಒತ್ತುವ ಮೊದಲು ಆ ಚೀಟಿ ನೋಡಲಿ.